ಖಾಲಿ ಶೀಟಿನಲ್ಲಿ ನಾನು ಬಿಟ್ಟ ಒಂದು ಚುಕ್ಕೆ

ಆಸ್ಟಿನ್‌ನಲ್ಲಿ ಈಗ ಒಂದು ನಕ್ಷೆ ವಿಭಾಗವನ್ನು ನಡೆಸುತ್ತಿರುವ ಸ್ಮಿತಾ ಹೋದ ತಿಂಗಳು ಫೋನ್ ಮಾಡಿದ್ದಳು. ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದ ಮೈಸೂರಿನ ಹುಡುಗಿ ಅವಳು. "ಆಂಟಿ, ನಮ್ಮ ಟೀಮ್‌ಗೆ ಹೊಸಬರು ಜಾಯಿನ್ ಆಗಿದ್ದಾರೆ, ಮೂರು ಜನ ನಮ್ಮ ಕನ್ನಡದವ್ರೇ. ನಕ್ಷೆ ಕೆಲಸ ಅಂದ್ರೆ ಬರೀ ಸಾಫ್ಟ್‌ವೇರ್ ಅಂದ್ಕೊಂಡಿದ್ದಾರೆ. ನೀವು ಏನಾದ್ರೂ ಬರ್ದು ಕೊಡಿ" ಎಂದಳು.

"ನನ್ನ ಕನ್ನಡ ಅವರಿಗೆ ತಿಳೀತದೇನವ್ವಾ? ಇಷ್ಟು ವರ್ಷ ಜೊತೀಗಿದ್ದ ನಿನಗ ಅರ್ಧಾ ತಿಳಿಯೂದಿಲ್ಲ" ಎಂದೆ.

"ಅರ್ಧ ಸಾಕು ಆಂಟಿ."

ಹಾಗಾಗಿ ಬರೆಯುತ್ತಿದ್ದೇನೆ. ಬಡ್ತಿಯ ಸುದ್ದಿ ಇದರಲ್ಲಿ ಇರುವುದಿಲ್ಲ. ನನಗೆ ಬಂದದ್ದೇ ಎರಡು, ಎರಡೂ ಸಲ ಕೂರುವ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ನಾನು ಎಲ್ಲೆಲ್ಲಿ ಎಡವಿದೆ, ಯಾರು ಕೈ ಹಿಡಿದು ಎತ್ತಿದರು ಎನ್ನುವುದನ್ನು ಬರೆದರೆ ನಿಮಗೆ ಉಪಯೋಗವಾದೀತು. ಈಗ ಪ್ರಾಸ್ಪರ್ ಎಂಬ ಊರಿನ ಈ ಹೊಸ ಮನೆಯ ಕಿಟಕಿಯ ಹತ್ತಿರ ಕುಳಿತು ನೆನೆಸಿಕೊಂಡರೆ, ಎಡವಿದ್ದಕ್ಕಿಂತ ಕೈ ಹಿಡಿದವರೇ ಹೆಚ್ಚು ಎನ್ನಿಸುತ್ತದೆ.

ನಾನು ವಿಜಾಪುರದ ನೀರಾವರಿ ಕಚೇರಿಯಲ್ಲಿ ನಾಲ್ಕು ವರ್ಷ ಟ್ರೇಸರ್ ಆಗಿದ್ದವಳು. ಟ್ರೇಸರ್ ಎಂದರೆ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಬೇಕಾದ ಗೆರೆಗಳನ್ನಷ್ಟೇ ಶಾಯಿಯಲ್ಲಿ ತಿದ್ದಿ ತೆಗೆಯುವವರು. ಮದುವೆಯಾಗಿ ಹ್ಯೂಸ್ಟನ್‌ಗೆ ಬಂದಾಗ ನನ್ನ ಕೈಯಲ್ಲಿದ್ದ ವಿದ್ಯೆ ಅದೊಂದೇ. ಅಲ್ಲೇ ಹತ್ತಿರದ ದ ವುಡ್‌ಲ್ಯಾಂಡ್ಸ್‌ನಲ್ಲಿ ಎಣ್ಣೆ ಕಂಪನಿಗಳಿಗೆ ನಕ್ಷೆ ಮಾಡಿಕೊಡುವ ಸಣ್ಣ ಕಚೇರಿಯೊಂದಿತ್ತು. ಅಲ್ಲಿಯ ಮುಖ್ಯಸ್ಥೆ ಡೋರಿಸ್ ಎಂಬ ಹಿರಿಯ ಹೆಂಗಸು. ನನ್ನ ಇಂಗ್ಲಿಷ್ ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಪೆನ್ನು ಕೈಗೆ ಕೊಟ್ಟು, "ಒಂದು ಗೆರೆ ಎಳೆ" ಎಂದರು. ಎಳೆದೆ. ಭೂತಗನ್ನಡಿ ಹಿಡಿದು ನೋಡಿ, "ಸೋಮವಾರ ಬಾ" ಎಂದರು. ನನ್ನ ಇಂಟರ್‌ವ್ಯೂ ಅಷ್ಟರಲ್ಲಿ ಮುಗಿಯಿತು.

ಮೊದಲ ವಾರವೇ ಒಂದು ಫಜೀತಿ ಮಾಡಿಕೊಂಡೆ. ನಮ್ಮ ದೇಶದ ನಕ್ಷೆಗಳಲ್ಲಿ ವರ್ಷಪೂರ್ತಿ ನೀರಿರುವ ಹೊಳೆ ನೀಲಿ, ಬತ್ತಿ ಹೋಗುವ ಹಳ್ಳ ಕಪ್ಪು. ಇಲ್ಲಿಯ ಮರುಭೂಮಿಯ ಶೀಟು ತೆಗೆದು ನೋಡಿದರೆ ಹಳ್ಳವೆಲ್ಲ ನೀಲಿ. ಮಳೆಯೇ ಕಾಣದ ಊರಿನಲ್ಲಿ ಇಷ್ಟೊಂದು ನೀರೆಲ್ಲಿಂದ ಬರಬೇಕು? ಹಾಳೆ ಹಿಡಿದುಕೊಂಡು ಡೋರಿಸ್ ಹತ್ತಿರ ಹೋಗಿ, ನಿಮ್ಮ ಪ್ರೆಸ್ಸಿನವರು ಬಣ್ಣ ತಪ್ಪಿ ಹಾಕಿದ್ದಾರೆ ಎಂದು ಗಂಭೀರವಾಗಿ ದೂರು ಕೊಟ್ಟೆ. ಅವರು ನಗಲಿಲ್ಲ. ನನ್ನನ್ನು ಕೂರಿಸಿ, ಇಲ್ಲಿ ಎಲ್ಲ ನೀರಿನ ದಾರಿಯೂ ನೀಲಿಯೇ, ಬತ್ತುವ ಹಳ್ಳವಾದರೆ ಗೆರೆಯನ್ನು ತುಂಡು ತುಂಡಾಗಿ, ನಡುವೆ ಚುಕ್ಕೆ ಇಟ್ಟು ಎಳೆಯುತ್ತಾರೆ ಎಂದು ಒಂದೊಂದಾಗಿ ತೋರಿಸಿದರು. ನಾನು ನನ್ನ ಜಾಗಕ್ಕೆ ಹಿಂತಿರುಗಿದ ಮೇಲೆ ಅವರ ಕೋಣೆಯಿಂದ ನಗು ಕೇಳಿಸಿತು. ನನ್ನೆದುರು ನಗದೆ ತಡೆದುಕೊಂಡರಲ್ಲ, ಆ ದೊಡ್ಡತನ ನಾನು ಮರೆತಿಲ್ಲ.

ಡೋರಿಸ್ ಸಿಟ್ಟಿಗೆದ್ದರೆ ಮಾತ್ರ ಹತ್ತಿರ ನಿಲ್ಲುವಂತಿರಲಿಲ್ಲ. ನೆಲದ ಎತ್ತರ ತೋರಿಸುವ ಎರಡು ಗೆರೆಗಳು ಒಂದಕ್ಕೊಂದು ತಾಗಿದರೆ ಹಾಳೆಯನ್ನೇ ವಾಪಸ್ ಎಸೆಯುತ್ತಿದ್ದರು. ಎಂಟು ದಿನದ ಕೆಲಸ ಒಂದು ಸೀನಿಗೆ ಹಾಳಾದದ್ದುಂಟು. ಆದರೆ ಊಟದ ಹೊತ್ತಿಗೆ ಅದೇ ಡೋರಿಸ್ ನನ್ನ ಪಕ್ಕ ಕುಳಿತು, ನಾನು ತಂದ ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಕುಟುಕುಟು ತಿನ್ನುತ್ತ, ಗ್ರಾಹಕರಿಗೆ ಫೋನಿನಲ್ಲಿ ಹೇಗೆ ಮಾತಾಡಬೇಕು ಎಂದು ಹೇಳಿಕೊಡುತ್ತಿದ್ದರು. ನನ್ನ ಇಂಗ್ಲಿಷಿನಲ್ಲಿ ಇಂದಿಗೂ ಆಕೆಯ ಪಶ್ಚಿಮ ಟೆಕ್ಸಸ್‌ನ ಎಳೆತ ಇದೆ. ಮಗಳು ಅದನ್ನು ಅಣಕಿಸುತ್ತಾಳೆ.

ಮುಂದೆ ಕೆಲಸದ ರೀತಿಯೇ ಬದಲಾಯಿತು. ಪೆನ್ನು, ಶಾಯಿ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು ಮೂಲೆ ಸೇರಿದವು. ನಕ್ಷೆಯನ್ನು ಒಂದು ಹಲಗೆಗೆ ಅಂಟಿಸಿ, ಇಲಿಯಂಥ ಯಂತ್ರದಿಂದ ಗೆರೆಯ ಉದ್ದಕ್ಕೂ ಒತ್ತುತ್ತ ಹೋಗಿ ಕಂಪ್ಯೂಟರಿಗೆ ತುಂಬಿಸುವುದು ಬಂತು. ದಿನಕ್ಕೆ ಸಾವಿರಾರು ಸಲ ಒತ್ತಿ ತೋರುಬೆರಳು ಊದಿಕೊಳ್ಳುತ್ತಿತ್ತು. ಆಮೇಲೆ ಸ್ಕ್ಯಾನಿಂಗ್, ಆಮೇಲೆ ಉಪಗ್ರಹದ ಚಿತ್ರ. ಡೋರಿಸ್ ಆ ಇಲಿಯಂಥ ಯಂತ್ರ ಬಂದ ವರ್ಷವೇ ನಿವೃತ್ತರಾದರು. ಒಂದು ಮಾತು ಹೊಸಬರು ತಿಳಿದಿರಬೇಕು: ಕಂಪ್ಯೂಟರಿಗೆ ನಾವು ತುಂಬಿಸಿದ್ದು ಮೂಲ ನಕ್ಷೆಗಳನ್ನಲ್ಲ, ಅವುಗಳಿಂದ ನಾವು ಟ್ರೇಸ್ ಮಾಡಿಟ್ಟಿದ್ದ ಹಾಳೆಗಳನ್ನು. ಮೂಲ ಎಲ್ಲ ನೆಲಮಾಳಿಗೆಯ ಡ್ರಾಯರುಗಳಲ್ಲಿ ಮಲಗಿತು.

ಈಗ ಆ ಖಾಲಿ ಶೀಟಿನ ಸಂಗತಿಗೆ ಬರುತ್ತೇನೆ.

ಟೆಕ್ಸಸ್‌ನ ಪಶ್ಚಿಮದ ತುದಿಯಲ್ಲಿ, ಸುತ್ತ ಗುಡ್ಡ, ನಡುವೆ ಬೋಗುಣಿಯಂತೆ ತಗ್ಗಾದ ಒಂದು ಮರುಭೂಮಿ ಇದೆ. ಅದರೊಳಗೆ ಬಿದ್ದ ಮಳೆ ಯಾವ ಹೊಳೆಗೂ ಸೇರುವುದಿಲ್ಲ. ತಗ್ಗಿನಲ್ಲಿ ನಿಂತು, ಆರಿ, ಉಪ್ಪಿನ ಬಿಳಿ ಸವಳು ಉಳಿಯುತ್ತದೆ. ಅದರ ಮೊದಲ ನಕ್ಷೆಯನ್ನು ತುಂಬ ಹಿಂದೆ, ಹೇಸರಗತ್ತೆಗಳ ಮೇಲೆ ಡೇರೆ ಹೇರಿಕೊಂಡು ಹೋದ ಸರ್ವೆಯವರು ಮೂರು ಕಾಲಿನ ಹಲಗೆ ನಿಲ್ಲಿಸಿಕೊಂಡು ಸ್ಥಳದಲ್ಲೇ ಬರೆದಿದ್ದರು. ಅಂಚಿನಲ್ಲಿ ಕಂದು ಗೆರೆಗಳು, ನಡುವೆಲ್ಲ ಬಿಳಿ. ನಮ್ಮ ಕಚೇರಿಯಲ್ಲಿ ಅದಕ್ಕೆ ಖಾಲಿ ಶೀಟು ಎಂದೇ ಹೆಸರು. ಯಾರೂ ಅದನ್ನು ಕೇಳಿಕೊಂಡು ಬರುತ್ತಿರಲಿಲ್ಲ.

ನಾನು ಸೇರಿ ಇಪ್ಪತ್ತು ವರ್ಷ ದಾಟಿದ ಮೇಲೆ ಒಂದು ಕಂಪನಿಯವರು ಬಂದರು. ಎಣ್ಣೆ ಬಾವಿಗಳಿಂದ ಮೇಲೆ ಬರುವ ಉಪ್ಪುನೀರನ್ನು ತುಂಬಿಡಲು ಆ ತಗ್ಗಿನ ಅಂಚಿನಲ್ಲಿ ಒಂದು ದೊಡ್ಡ ಹೊಂಡ ತೋಡುವ ಯೋಜನೆ ಅವರದು. ಹತ್ತಿರದಲ್ಲಿ ನೀರಿನ ಸೆಲೆ ಇದ್ದರೆ ಹೊಂಡವನ್ನು ಬೇರೆ ಕಡೆ ಮಾಡಬೇಕು ಎಂದು ಅವರ ಕರಾರಿನಲ್ಲೇ ಇತ್ತು. ನಮ್ಮ ನಕ್ಷೆಯಲ್ಲಿ ಸೆಲೆ ಇರಲಿಲ್ಲ. ಆದರೆ ಹೊಂಡದ ಜಾಗದ ಕೆಳಗಡೆ ಜಮೀನಿರುವ ನೆಲ್ ಎಂಬ ದನ ಸಾಕುವ ಹೆಂಗಸು, ತನ್ನ ಹಳ್ಳದಲ್ಲಿ ಸೆಲೆ ಇದೆ ಎಂದು ಕಂಪನಿಗೆ ಪತ್ರದ ಮೇಲೆ ಪತ್ರ ಬರೆದಿದ್ದರು. ಮೂರು ವರ್ಷದ ಹಿಂದೆ ಬಂದ ನೆರೆ ಹಳ್ಳದ ತುಂಬ ಮರಳು ತಂದು ಹಾಕಿ ಸೆಲೆಯನ್ನು ಮುಚ್ಚಿತ್ತು. ಅದಕ್ಕೆ ಕಟ್ಟಿದ್ದ ಕಲ್ಲೂ ಕೊಚ್ಚಿ ಹೋಗಿ, ಜಾಗ ಯಾವುದೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಕಂಪನಿಯವರು ಹೋದಾಗ ಒಂದು ಜಾಗ ತೋರಿಸಿದರು, ಆಮೇಲೆ ಇನ್ನೊಂದು. ಎರಡೂ ಕಡೆ ಬರೀ ಮರಳು. ಮುದುಕಿಗೆ ಭ್ರಮೆ ಎಂದು ಅವರು ವಾಪಸಾಗಿದ್ದರು. ಉಪ್ಪುನೀರು ಒಮ್ಮೆ ಆ ಹಳ್ಳಕ್ಕೆ ಇಳಿದರೆ ಸೆಲೆ ಇದ್ದರೂ ಹೋದಂತೆಯೇ. ಆ ಜಮೀನಿಗೆ ಬೇರೆ ನೀರಿರಲಿಲ್ಲ. ನೆಲ್ ದನಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಿದ್ದರು.

ನಕ್ಷೆಯಲ್ಲಿ ಸೆಲೆ ಇದೆಯೇ ಎಂದು ಕಂಪನಿ ನಮ್ಮನ್ನು ಕೇಳಿದ ಪತ್ರಕ್ಕೆ ಉತ್ತರ ಬರೆಯುವ ಕೆಲಸ ಸ್ಮಿತಾಳಿಗೆ ಬಂತು. ಆಗ ಅವಳು ಲೂಯಿಸ್‌ವಿಲ್ ಎಂಬ ಊರಿನಿಂದ ನಮ್ಮಲ್ಲಿಗೆ ಶಿಫ್ಟ್ ಆಗಿ ವರ್ಷವೂ ಆಗಿರಲಿಲ್ಲ.

"ಅದರಾಗ ಏನಿಲ್ಲ. ಅದು ಖಾಲಿ ಶೀಟು. ಇಲ್ಲಂತ ಬರೆದು ಕಳಸು" ಎಂದೆ.

"ಹಳೇ ಪ್ರಿಂಟ್ ಒಂದ್ಸಲ ನೋಡ್ಬಿಟ್ಟು ಬರೀತೀನಿ ಆಂಟಿ."

"ಇಪ್ಪತ್ತು ವರ್ಷದಿಂದ ನಾ ನೋಡಾಕತ್ತೀನಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ನಂಬಿಕೆ ಇದೆ ಆಂಟಿ. ಆದ್ರೂ ನೋಡ್ತೀನಿ."

ನನಗೆ ಸಿಟ್ಟು ಬಂತು. ಮಧ್ಯಾಹ್ನ ಚಹಾಕ್ಕೂ ಅವಳನ್ನು ಕರೆಯಲಿಲ್ಲ. ನಾಲ್ಕು ಗಂಟೆಗೆ ಅವಳೇ ಬಂದು ನನ್ನ ಮುಂದೆ ನಿಂತಳು. ಮುಖ ಸಪ್ಪಗಿತ್ತು. "ಆಂಟಿ, ಎರಡನ್ನೂ ಒಂದರ ಮೇಲೆ ಒಂದು ಇಟ್ಟಿದೀನಿ. ಒಂದ್ ನಿಮಿಷ ನೋಡ್ತೀರಾ?" ಎಂದಳು.

ನೋಡಿದೆ. ಮೂಲ ನಕ್ಷೆಯಲ್ಲಿ, ಹಳ್ಳದ ನೀಲಿ ಗೆರೆಯ ನಟ್ಟನಡುವೆ, ಸಾಸಿವೆ ಕಾಳಿನಷ್ಟು ಒಂದು ನೀಲಿ ಸುತ್ತು, ಅದಕ್ಕೊಂದು ಬಾಲ. ನೀರಿನ ಸೆಲೆಯ ಗುರುತು. ಟ್ರೇಸ್ ಮಾಡಿದ ಹಾಳೆಯಲ್ಲಿ ಅದು ಇಲ್ಲ. ಹಾಳೆಯ ಕೆಳಗಿನ ಮೂಲೆಯಲ್ಲಿ ಮಾಡಿದವರ ಹೆಸರಿನ ಎರಡು ಅಕ್ಷರ. ಅವು ನನ್ನವು.

ಕೈ ತಪ್ಪಿ ಬಿಟ್ಟಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಅದನ್ನು ತಿಳಿದೂ ತಿಳಿದೂ ಬಿಟ್ಟಿದ್ದೆ. ಆ ಕ್ಷಣ ಸ್ಪಷ್ಟವಾಗಿ ನೆನಪಾಯಿತು. ನಮ್ಮ ಕಡೆ ಬೇಸಿಗೆಯಲ್ಲಿ ಹಳ್ಳ ಬತ್ತಿದ ಮೇಲೆ ಹೆಂಗಸರು ಮರಳಿನಲ್ಲಿ ಕೈಯಿಂದ ಗುಂಡಿ ತೋಡಿ, ಒಸರಿದ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬಿಕೊಳ್ಳುತ್ತಾರೆ. ಅದಕ್ಕೆ ವರ್ತಿ ಎನ್ನುತ್ತೇವೆ. ಡೋಣಿ ಹೊಳೆಯ ನೀರು ಸವಳಾದ ಊರುಗಳಲ್ಲಿ ಕುಡಿಯಲು ಹಳ್ಳದ ವರ್ತಿಯ ನೀರೇ ಗತಿ. ನಾನೂ ತೋಡಿದವಳೇ. ಆದರೆ ಮುಂದಿನ ಮಳೆಗೆ ವರ್ತಿ ಮುಚ್ಚಿ ಹೋಗುತ್ತದೆ, ಮರುವರ್ಷ ಬೇರೆ ಕಡೆ ತೋಡುತ್ತಾರೆ. ಅದಕ್ಕೇ ನಮ್ಮ ನೀರಾವರಿ ಕಚೇರಿಯಲ್ಲಿ ವರ್ತಿಯನ್ನು ನಕ್ಷೆಗೆ ಹಾಕಕೂಡದು ಎಂದು ಕಟ್ಟಪ್ಪಣೆ ಇತ್ತು. ಬತ್ತುವ ಹಳ್ಳದ ನಡುವೆ ಆ ನೀಲಿ ಸುತ್ತು ಕಂಡಾಗ, ಯಾರೋ ತೋಡಿದ ವರ್ತಿ ಇದು, ಪಾಪ ಈ ಸರ್ವೆಯವರಿಗೆ ತಿಳಿದಿಲ್ಲ ಎಂದುಕೊಂಡು, ಬಹಳ ಜಾಣತನದಿಂದ ಬಿಟ್ಟುಬಿಟ್ಟಿದ್ದೆ. ಅಮೆರಿಕದವರು ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ಅವರಿಗೆ ವರ್ತಿಯೇ ಗೊತ್ತಿಲ್ಲ.

ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಆತ ಒಳ್ಳೆಯವನೇ. "ಹಿಂದೆ ಇತ್ತು, ಈಗ ಬತ್ತಿದೆ ಎಂದು ಬರೆಯೋಣ. ಸ್ಥಳ ನೋಡಿದವರೂ ಒಣಗಿದೆ ಎಂದಿದ್ದಾರಲ್ಲ. ನಿನ್ನ ಹೆಸರು ಬರುವುದು ಬೇಡ" ಎಂದ. ನನ್ನನ್ನು ಉಳಿಸಲು ಹೇಳಿದ ಮಾತು ಅದು. ಆದರೆ ಹಾಗೆ ಬರೆದರೆ ನೆಲ್ ಅವರ ಕಥೆ ಮುಗಿದಂತೆ. ನಾನು ಎರಡು ದಿನ ರಜೆ ಕೇಳಿದೆ. ಯಾಕೆ ಎಂದು ಅವನು ಕೇಳಲಿಲ್ಲ. ಅದಕ್ಕೂ ನಾನು ಋಣಿ.

ಸ್ಮಿತಾ ತಾನೂ ಬರುತ್ತೇನೆಂದಳು. ನಮ್ಮ ಮನೆಯವರು ರೊಟ್ಟಿ, ಚಟ್ನಿಪುಡಿ, ಮೊಸರು ಕಟ್ಟಿಕೊಡುತ್ತ, "ನೀ ಇಷ್ಟು ವರ್ಷ ನಕ್ಷಾ ಬರದಿದ್ದಿ, ಈಗ ಹೋಗಿ ನೋಡಿ ಬಾ" ಎಂದರು. ಅವರ ಮಾತು ಸುಳ್ಳಲ್ಲ. ಅಷ್ಟು ವರ್ಷ ಆ ನೆಲದ ಗೆರೆ ಎಳೆದವಳು ಒಮ್ಮೆಯೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಹತ್ತು ಗಂಟೆಗೂ ಹೆಚ್ಚು ದಾರಿ. ಸ್ಮಿತಾ ಡ್ರೈವ್ ಮಾಡಿದಳು, ನಾನು ದಾರಿಯುದ್ದಕ್ಕೂ ಅವಳ ಸ್ಪೀಡಿಗೆ ಗೊಣಗಿದೆ.

ಮರುದಿನ ಬೆಳಿಗ್ಗೆ ನೆಲ್ ತಮ್ಮ ಟ್ರಕ್ಕಿನಲ್ಲಿ ನಮ್ಮನ್ನು ಹಳ್ಳಕ್ಕೆ ಕರೆದೊಯ್ದರು. ಎಂಬತ್ತರ ಆಸುಪಾಸಿನ ಎತ್ತರದ ಹೆಂಗಸು, ಮಾತು ಕಡಿಮೆ. ನೀವು ಯಾರ ಕಡೆಯವರು ಎಂದಷ್ಟೇ ಕೇಳಿದರು. ನಕ್ಷೆಯ ಕಡೆಯವರು ಎಂದೆ. ತುಟಿ ಬಿಗಿ ಹಿಡಿದು ಟ್ರಕ್ ಓಡಿಸಿದರು.

ಹಳ್ಳ ಅಗಲವಾಗಿತ್ತು, ಉದ್ದಕ್ಕೂ ಒಂದೇ ಸಮ ಮರಳು. ಹಳೆಯ ನಕ್ಷೆಯ ಅಳತೆಯ ಲೆಕ್ಕ ಬೇರೆ, ಇಂದಿನ ಉಪಗ್ರಹದ ಲೆಕ್ಕ ಬೇರೆ. ಅದನ್ನು ಹೊಂದಿಸದೆ ಹೋದರೆ ಐವತ್ತು ಹೆಜ್ಜೆ ಆಚೆ ಹೋಗಿ ನಿಲ್ಲುತ್ತೀರಿ. ಸ್ಮಿತಾ ಆಫೀಸಿನಲ್ಲೇ ಕುಳಿತು ಅದನ್ನೆಲ್ಲ ಸರಿಪಡಿಸಿಕೊಂಡು ಬಂದಿದ್ದಳು. ಕೈಯಲ್ಲಿ ಜಾಗ ತೋರಿಸುವ ಯಂತ್ರ ಹಿಡಿದು ನಡೆದು ನಡೆದು ಒಂದು ಕಡೆ ನಿಂತು, "ಇಲ್ಲೇ ಆಂಟಿ. ನಾಲ್ಕು ಹೆಜ್ಜೆ ಆ ಕಡೆ ಈ ಕಡೆ ಆಗ್ಬೋದು ಅಷ್ಟೇ" ಎಂದಳು. ನೆಲ್ ತೋರಿಸಿದ್ದ ಎರಡು ಜಾಗದ ನಡುವೆ, ಎರಡರಿಂದಲೂ ದೂರದಲ್ಲಿತ್ತು ಅದು. ಅಲ್ಲೂ ಒಣ ಮರಳೇ.

"ಇಲ್ಲೂ ಏನಿಲ್ವಲ್ಲ" ಎಂದು ಸ್ಮಿತಾ ಮೆಲ್ಲಗೆ ಅಂದಳು.

"ಮ್ಯಾಲ ನೋಡಿದರ ಏನ್ ಕಾಣತದ? ತೋಡಬೇಕು" ಎಂದೆ.

ನೆಲ್ ಅವರ ಸಲಿಕೆ ಇಸಿದುಕೊಂಡು ಆರಂಭಿಸಿದೆ. ಮೊಣಕಾಲಿನ ಆಳಕ್ಕೆ ಹೋದರೂ ಮರಳು ಬಿಳಿಯೇ. ಸಲಿಕೆ ಸ್ಮಿತಾಳಿಗೆ ಕೊಟ್ಟೆ. ಅವಳು ತೋಡುವ ರೀತಿ ನೋಡಿ, "ಅದೇನು ಪಾಯಸ ತಿರುವೂದಲ್ಲ" ಎಂದು ಬೈದು ಮತ್ತೆ ನಾನೇ ಇಸಿದುಕೊಂಡೆ. ಸೊಂಟದ ಆಳಕ್ಕೆ ಬಂದಾಗ ಮರಳಿನ ಬಣ್ಣ ತಿರುಗಿತು. ಸಲಿಕೆ ಬಿಸಾಕಿ ಬೋರಲು ಮಲಗಿ ಕೈಯಿಂದ ಬಗೆದೆ. ಮೊದಲು ಉಗುರು ತಣ್ಣಗಾಯಿತು, ಆಮೇಲೆ ಬೆರಳು. ಗುಂಡಿಯ ತಳದಲ್ಲಿ ಬೆಳಕು ಅಲುಗಾಡಿತು.

ಮೊದಲ ನೀರು ರಾಡಿ ಇರುತ್ತದೆ, ಅದನ್ನು ಚೆಲ್ಲಬೇಕು. ಎರಡನೆಯದನ್ನೂ ಚೆಲ್ಲಬೇಕು. ಅವಸರ ಮಾಡಿದವರಿಗೆ ವರ್ತಿ ಒಳ್ಳೆಯ ನೀರು ಕೊಡುವುದಿಲ್ಲ. ನಾನು ಮೊಸರಿನ ಡಬ್ಬಿಯಿಂದ ಮೊಗೆದು ಮೊಗೆದು ಚೆಲ್ಲುವುದನ್ನು ಕಂಡು ನೆಲ್ ಗಾಬರಿಯಾಗಿ ಬೇಡ ಬೇಡ ಎಂದರು. ಸ್ವಲ್ಪ ತಾಳಿ ಎಂದೆ. ಮೂರನೆಯ ಸಲ ನೀರು ತಿಳಿಯಾಗಿ ಏರಿತು. ಬಾಯಿಗಿಟ್ಟು ನೋಡಿದೆ. ಉಪ್ಪಿಲ್ಲ. ಸುತ್ತ ಅಷ್ಟೊಂದು ಸವಳಿದ್ದರೂ ಸಿಹಿ ನೀರು.

ನೆಲ್ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕುಳಿತರು. "ನನ್ನ ಮಗನೂ ನಂಬಿರಲಿಲ್ಲ. ಹೋದ ಚಳಿಗಾಲದಿಂದ ನಾನೂ ನಂಬುವುದನ್ನು ಬಿಟ್ಟಿದ್ದೆ" ಎಂದರು. ಅವರ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ.

ಆಗಲೇ ಹೇಳಬೇಕು, ಆಮೇಲೆ ಧೈರ್ಯ ಸಾಲದು ಅನ್ನಿಸಿತು. ಈ ಸೆಲೆ ಮೊದಲ ನಕ್ಷೆಯಲ್ಲಿತ್ತು, ಬಿಟ್ಟವಳು ನಾನು, ನಿಮ್ಮನ್ನು ಎಲ್ಲರೂ ಸುಳ್ಳಿ ಎನ್ನುವಂತೆ ಮಾಡಿದ್ದು ನನ್ನ ಕೈ ಎಂದು ಹೇಳಿದೆ. ಸ್ಮಿತಾ ನನ್ನ ತೋಳು ಹಿಡಿದುಕೊಂಡಳು. ನೆಲ್ ನನ್ನ ಮುಖವನ್ನೇ ನೋಡಿದರು.

"ಆಗ ನಿನಗೆಷ್ಟು ವಯಸ್ಸು?"

"ಇಪ್ಪತ್ತೇಳು."

"ಆ ವಯಸ್ಸಿನಲ್ಲಿ ನಾನು ಗೇಟು ತೆರೆದಿಟ್ಟು ಮನೆಗೆ ಹೋಗಿದ್ದೆ. ಮಾವನವರ ದನ ಅಷ್ಟೂ ಆ ಸವಳಿಗೆ ಇಳಿದುಬಿಟ್ಟವು. ಹುಡುಕಿ ತರಲು ಒಂಬತ್ತು ದಿನ ಹಿಡಿಯಿತು. ಗಾಳಿಗೆ ತೆರೆಯಿತು ಎಂದೆ. ಅವರು ಸಾಯುವ ತನಕ ಹಾಗೇ ನಂಬಿದ್ದರು." ಮಂಡಿಯ ಮರಳು ಕೊಡವಿಕೊಂಡು, "ನೀನು ಬಂದು ಹೇಳಿದೆಯಲ್ಲ" ಎಂದರು.

ಆಮೇಲೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ನೀರು ಕುಡಿದರು. ರೊಟ್ಟಿಯನ್ನೂ ತಿಂದರು. ಖಾರ ಎಂದರು, ಆದರೂ ಇನ್ನೊಂದು ಕೇಳಿದರು.

ಸ್ಮಿತಾ ಫೋಟೋ ತೆಗೆದಳು, ಅಳತೆ ಬರೆದುಕೊಂಡಳು, ನೀರನ್ನು ಪರೀಕ್ಷೆಗೆ ಕಳುಹಿಸಿದಳು. ಹೊಂಡವನ್ನು ಗುಡ್ಡದ ಇನ್ನೊಂದು ಬದಿಗೆ ಸರಿಸುವುದಾಗಿ ಕಂಪನಿಯವರು ಕೆಲವು ತಿಂಗಳಲ್ಲಿ ಬರೆದು ತಿಳಿಸಿದರು. ನೆಲ್ ಅವರ ಮಗ ಬಂದು ಸೆಲೆಗೆ ಹೊಸದಾಗಿ ಕಲ್ಲು ಕಟ್ಟಿಸಿದನಂತೆ. ಮ್ಯಾನೇಜರ್ ನನ್ನನ್ನು ಬೈಯಲಿಲ್ಲ. ನೆಲಮಾಳಿಗೆಯ ಮೂಲ ನಕ್ಷೆಗಳನ್ನೆಲ್ಲ ಮೇಲೆ ತಂದು, ನಾವು ಟ್ರೇಸ್ ಮಾಡಿದ್ದ ಪ್ರತಿ ಹಾಳೆಯ ಜೊತೆ ಮತ್ತೆ ಹೋಲಿಸಿ ನೋಡುವ ಕೆಲಸವನ್ನು ಸ್ಮಿತಾಳಿಗೆ ಒಪ್ಪಿಸಿದ. ನಾನು ಅವಳ ಕೈಕೆಳಗೆ ಕೆಲಸ ಮಾಡಿದೆ. ನನ್ನವೇ ಇನ್ನೂ ನಾಲ್ಕು ತಪ್ಪು ಹೊರಬಿದ್ದವು. ಒಂದೊಂದು ಸಿಕ್ಕಾಗಲೂ ಅವಳು ಒಂದು ಕಪ್ ಚಹಾ ತಂದಿಡುತ್ತಿದ್ದಳು. ಅಂದು ಅವಳು ನನ್ನ ಮಾತು ಕೇಳಿ ಸುಮ್ಮನಾಗಿದ್ದರೆ ಏನಾಗುತ್ತಿತ್ತು ಎಂದು ಇಂದಿಗೂ ನೆನೆಯುತ್ತೇನೆ. ಹೊಸಬರೇ, ನಿಮ್ಮ ಹಿರಿಯರು ನನಗೆ ಗೊತ್ತು ಎಂದಾಗ, ಅವರಿಗೆ ಸಿಟ್ಟು ಬಂದರೂ ಸರಿ, ನೋಡಿಯೇ ಬರೆಯಿರಿ.

ನಕ್ಷೆಯನ್ನು ತಿದ್ದುವ ದಿನ ನಾನೇ ಕುಳಿತೆ. ಯಾವುದೇ ತಿದ್ದುಪಡಿಗೆ ಕಾರಣ ಬರೆಯುವ ಒಂದು ಜಾಗ ಇರುತ್ತದೆ. ಮೊದಲ ಟ್ರೇಸಿಂಗ್‌ನಲ್ಲಿ ನಾನು ಬಿಟ್ಟದ್ದು ಎಂದು ಪೂರ್ತಿ ಹೆಸರು ಹಾಕಿ ಬರೆದೆ. ಅದರ ಕೆಳಗೆ, ಸೆಲೆಯ ಹೆಸರು ಎಂದಿತ್ತು. ಮೂಲ ನಕ್ಷೆಯಲ್ಲಿ ಹೆಸರಿರಲಿಲ್ಲ. ನೆಲ್ ಅವರ ಹೆಸರನ್ನೇ ಇಡಬೇಕೆಂದು ನನ್ನ ಆಸೆ. ಆ ವಿಚಾರ ಸರ್ಕಾರಕ್ಕೆ ಬರೆದು ಕಳಿಸಬಹುದು, ಒಪ್ಪಿಗೆ ಸಿಕ್ಕರೆ ಮುಂದಿನ ನಕ್ಷೆಗಳಲ್ಲೆಲ್ಲ ಅದೇ ಬರುತ್ತದೆ. ಅವರಿಗೆ ಫೋನ್ ಮಾಡಿದೆ. ಹಿಂದೆ ದನಗಳ ಸದ್ದು ಕೇಳಿಸುತ್ತಿತ್ತು. ವಿಷಯ ಹೇಳಿದೆ.

"ನನ್ನ ಹೆಸರು ಯಾಕೆ? ಅದು ನನಗಿಂತ ಮುಂಚೆಯಿಂದ ಇದೆ" ಎಂದರು.

"ನಿಮ್ಮ ಯಜಮಾನರದು?"

"ಬೇಡ. ಯಾರದೂ ಬೇಡ." ಆಮೇಲೆ, "ನೀನು ಅದನ್ನು ಬಿಡಬೇಡ, ಅಷ್ಟೇ" ಎಂದರು.

ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ಹಳ್ಳದ ಗೆರೆಯ ನಡುವೆ ನೀಲಿಯಲ್ಲಿ ಒಂದು ಸಣ್ಣ ಸುತ್ತು ಹಾಕಿ, ಅದಕ್ಕೆ ಬಾಲ ಎಳೆದೆ.